ಅಪ್ಪಾಗ ಎಎಂಎಲ್, ಅಂದ್ರ ಒಂದು ಜಾತಿ ರಕ್ತದ ಕ್ಯಾನ್ಸರ್, ತಿರುಗಿ ಬಂದೈತಿ. ಹೊಸಾ ಔಷಧ ಪರೀಕ್ಷಾ ಮಾಡೂ ಟ್ರಯಲ್‌ಗೆ ಸೇರಿಸೂದು ಹೆಂಗ? ಯಾರರ ಸೇರೀರೇನು?

ಬನಹಟ್ಟಿ ಮಗಳು
ಸೋಮವಾರ, ರಾತ್ರಿ 11:40

ಎಲ್ಲಾರಿಗೂ ನಮಸ್ಕಾರ್ರಿ. ಬರೀಲೋ ಬ್ಯಾಡೋ ಅಂತ ಎರಡು ದಿನ ಸುಮ್ಮ ಕುಂತಿದ್ದೆ.

ಅಪ್ಪಾಗ 56 ವರ್ಷ. ನಮ್ಮದು ಪಾವರ್‌ಲೂಮ್, ನಾಲ್ಕು ಮಗ್ಗ. ಹೋದ ವರ್ಷ ದೀಪಾವಳಿ ಸೀರಿ ಆರ್ಡರ್ ಮುಗಿಸೂ ಗಡಿಬಿಡ್ಯಾಗ ಒಸಡಿನಿಂದ ರಕ್ತ ಬರಾಕ ಹತ್ತಿತು. ಹಲ್ಲಿನ ಡಾಕ್ಟರ್ ಹಲ್ಲು ಮುಟ್ಟಲಿಲ್ಲ, ಮೊದಲ ರಕ್ತ ತಪಾಸಣಿ ಮಾಡಿಸಿಕೊಂಡು ಬರ್ರಿ ಅಂದ್ರು. ಪುಣ್ಯಾತ್ಮ ಅವ್ರು. ಪ್ಲೇಟ್ಲೆಟ್ 14 ಸಾವಿರ ಇತ್ತು. ಮುಂದ ಎಲಬಿನ ಮಜ್ಜಿ ತಗದು ನೋಡಿದ್ರ ಎಎಂಎಲ್. 7+3 ಅಂತಾರಲ್ಲ, ಏಳು ದಿನ ಸೈಟರಾಬಿನ್, ಮೂರು ದಿನ ಕೆಂಪ ಔಷಧ, ಅದು ಆತು. ಆಮ್ಯಾಲ ದೊಡ್ಡ ಡೋಸಿನ ಸೈಟರಾಬಿನ್ ಎರಡು ಸಲ. ಚೊಲೋ ಆದ್ರು, ಮಗ್ಗಕ್ಕೂ ಕುಂತ್ರು. ಹೋದ ವಾರ ಕೌಂಟ್ ತಗಸಿದ್ರ ಮತ್ತ ಬ್ಲಾಸ್ಟ್, ಅಂದ್ರ ಕ್ಯಾನ್ಸರ್ ಕಣ, ಕಂಡಾವು.

ಡಾಕ್ಟರ್ ರಿಪೋರ್ಟ್ ನೋಡಿ, "ರಿಲ್ಯಾಪ್ಸ್ ಆಗೈತಿ, ಎಲ್ಲರ ಟ್ರಯಲ್ ಇದ್ರ ನೋಡ್ರಿ" ಅಂದು ಮುಂದಿನ ಪೇಶಂಟ್‌ನ ಕರದ್ರು. ಎಲ್ಲಿ ನೋಡಬೇಕು, ಯಾರನ್ನ ಕೇಳಬೇಕು, ಒಂದೂ ಹೇಳಲಿಲ್ಲ. ಮನ್ಯಾಗ ಕಾಕಾ ಒಂದ ಸವನ ಶುರು ಹಚ್ಚ್ಯಾರ: "ನಮ್ಮಣ್ಣನ್ನ ಪ್ರಯೋಗಕ್ಕ ಕೊಡತೀಯೇನು? ಇಲಿ ಅಂತ ತಿಳದಿ ಏನು?" ಅಪ್ಪ ಏನೂ ಅನ್ನಂಗಿಲ್ಲ. ನಾ ಪ್ರಾಥಮಿಕ ಶಾಲಿ ಮಾಸ್ತರಿಣಿ, ಇಂಗ್ಲಿಷ್ ಓದತೀನಿ, ಆದ್ರ ಗೂಗಲ್‌ನ್ಯಾಗ ಬಂದದ್ದೆಲ್ಲಾ ಅಮೆರಿಕಾದ್ದು.

ಯಾರರ ಈ ದಾರಿ ನಡದವರಿದ್ರ ಹೇಳ್ರಿ.

ಗೋಕಾಕ ಕರದಂಟು
ಮಂಗಳವಾರ, ಬೆಳಿಗ್ಗೆ 6:15

ತಂಗಿ, ನಡದೀವಿ. ನಮ್ಮ ಮನಿಯಾಕಿ. ಮೂರು ವರ್ಷದ ಹಿಂದ ಆಕಿಗೂ ಹಿಂಗ ತಿರುಗಿ ಬಂದಿತ್ತು, ಮುಂಬೈದಾಗ ಟ್ರಯಲ್‌ಗೆ ಸೇರಿದ್ಲು. ಈಗ ನನ್ನ ಮ್ಯಾಲ ಒದರಾಡಕೋತ ಅಡಿಗಿ ಮನ್ಯಾಗ ಅದಾಳ. ಹಂಗಂತ ಎಲ್ಲಾರಿಗೂ ಹಂಗ ಆಗತೈತಿ ಅಂತ ನಾ ಹೇಳಂಗಿಲ್ಲ. ನಮ್ಮ ಜೋಡಿ ಅದ ವಾರ್ಡಿನ್ಯಾಗ ಇದ್ದ ಇಬ್ಬರು ಈಗ ಇಲ್ಲ.

ನೀ ಟ್ರಯಲ್ ಹುಡುಕೂದಕ್ಕಿಂತ ಮೊದಲ ರಿಪೋರ್ಟ್ ಹುಡುಕು. ಅಪ್ಪಾರದು ಎಫ್‌ಎಲ್‌ಟಿ3, ಎನ್‌ಪಿಎಂ1, ಐಡಿಎಚ್1, ಐಡಿಎಚ್2 ಅಂತ ಜೀನ್ ತಪಾಸಣಿ ಆಗೈತೇನು? ಕ್ರೋಮೋಸೋಮ್ ರಿಪೋರ್ಟ್ ಐತೇನು? ಅದಿಲ್ಲದ ಫೋನ್ ಹಚ್ಚಿದ್ರ ಆ ಕಡೆಯವರು ಮೊದಲ ಅದನ್ನ ಕೇಳತಾರ, ನಿನ್ನ ಕಡೆ ಉತ್ತರ ಇರಂಗಿಲ್ಲ, ಫೋನ್ ಇಡತಾರ. ನಂದು ಹಂಗ ನಾಲ್ಕು ಫೋನ್ ಹಾಳಾದ್ವು. ಐದನೇ ಕಡೆಯಿದ್ದ ಹುಡುಗಿ ಪಾಪ, "ಅಣ್ಣಾರ, ಮೊದಲು ಮ್ಯುಟೇಶನ್ ರಿಪೋರ್ಟ್ ತಗೊಂಡು ಮಾತಾಡ್ರಿ" ಅಂತ ತಿಳಿಸಿ ಹೇಳಿದ್ಲು. ನಮ್ಮಾಕಿಗೆ ಐಡಿಎಚ್2 ಬಂತು, ಆ ಜೀನ್‌ಗೇ ಅಂತ ಇದ್ದ ಟ್ರಯಲ್ ಸಿಕ್ಕಿತು.

ಇನ್ನೊಂದು. ನಾಳೆ ಯಾರರ ಹೊಸಾ ಕಿಮೋ ಶುರು ಮಾಡೂಣು ಅಂದ್ರ, ಶುರು ಮಾಡೂ ಮೊದಲ ಕೇಳು: "ಇದು ಹಾಕಿದ್ರ ಟ್ರಯಲ್ ಬಾಗಿಲಾ ಮುಚ್ಚತೈತೇನು?"

ಟಿಳಕವಾಡಿ ಕೋಆರ್ಡಿನೇಟರ್
ಮಂಗಳವಾರ, ಬೆಳಿಗ್ಗೆ 9:50

ನಾನು ಬೆಳಗಾವಿಯಲ್ಲಿ ಒಂಬತ್ತು ವರ್ಷ ಟ್ರಯಲ್ ಕೋಆರ್ಡಿನೇಟರ್ ಆಗಿದ್ದೆ. ರಕ್ತದ ಕ್ಯಾನ್ಸರಿನದಲ್ಲ, ಮಧುಮೇಹ ಮತ್ತು ಸ್ತನ ಕ್ಯಾನ್ಸರಿನವು. ಆದರೆ ಕಾಗದಪತ್ರದ ದಾರಿ ಎಲ್ಲಕ್ಕೂ ಒಂದೇ. ಗೋಕಾಕದ ಅಣ್ಣ ಹೇಳಿದ್ದು ಸರಿ, ಅದಕ್ಕೆ ಒಂದು ಮಾತು ಸೇರಿಸುತ್ತೇನೆ: ಮೊದಲ ಸಲ ಜೀನ್ ಪರೀಕ್ಷೆ ಆಗಿದ್ದರೂ ಈಗ ಮತ್ತೊಮ್ಮೆ ಮಾಡಿಸಿ. ಎಎಂಎಲ್ ಮರುಕಳಿಸುವಾಗ ಬಣ್ಣ ಬದಲಿಸಿರಬಹುದು. ಆಗ ಇಲ್ಲದ ಎಫ್‌ಎಲ್‌ಟಿ3 ಜೀನ್ ದೋಷ ಈಗ ಬಂದಿರಬಹುದು, ಇದ್ದದ್ದು ಹೋಗಿರಲೂಬಹುದು.

ಹುಡುಕುವುದು ಎಲ್ಲಿ? ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ನಡೆಸುವ, ಟ್ರಯಲ್‌ಗಳ ಸಿಟಿಆರ್‌ಐ ಎಂಬ ನೋಂದಣಿ ತಾಣ ಇದೆ. 2007ರ ಜುಲೈನಲ್ಲಿ ಶುರುವಾದದ್ದು; 2009ರ ಜೂನ್ 15ರಿಂದ ದೇಶದಲ್ಲಿ ನಡೆಯುವ ಔಷಧಿ ಟ್ರಯಲ್‌ಗಳು ಅಲ್ಲಿ ನೋಂದಣಿ ಆಗುವುದು ಕಡ್ಡಾಯ. ಯಾರು ಬೇಕಾದರೂ ನೋಡಬಹುದು, ಲಾಗಿನ್ ಬೇಕಿಲ್ಲ. ಎಎಂಎಲ್ ಎಂದು ಮೂರಕ್ಷರ ಹೊಡೆದರೆ ಸಾಲದು, ಕಾಯಿಲೆಯ ಪೂರ್ತಿ ಹೆಸರನ್ನು ಇಂಗ್ಲಿಷಿನಲ್ಲಿ ಹೊಡೆಯಿರಿ. ಲ್ಯುಕೇಮಿಯಾ ಶಬ್ದಕ್ಕೆ ಬ್ರಿಟಿಷರ ಸ್ಪೆಲ್ಲಿಂಗ್ ಒಂದು, ಅಮೆರಿಕದವರದು ಇನ್ನೊಂದು. ಎರಡನ್ನೂ ಹಾಕಿ ನೋಡಿ, ಬರುವ ಪಟ್ಟಿ ಬೇರೆ ಬೇರೆ ಇರುತ್ತದೆ. ಈ ಒಂದು ಅಕ್ಷರಕ್ಕೆ ಎಷ್ಟು ಜನ ದಾರಿ ತಪ್ಪಿದ್ದನ್ನು ನೋಡಿದ್ದೇನೆ.

ಬಂದ ಪಟ್ಟಿ ಉದ್ದ ಇದೆಯೆಂದು ಹಿಗ್ಗಬೇಡಿ. ಅದರಲ್ಲಿ ಪಿಜಿ ವಿದ್ಯಾರ್ಥಿಗಳ ಪ್ರಬಂಧಗಳೂ ಇರುತ್ತವೆ, ಬರೀ ರಕ್ತ ಪರೀಕ್ಷೆ ಹೋಲಿಸುವ ಅಧ್ಯಯನಗಳೂ ಇರುತ್ತವೆ. "ಇಂಟರ್‌ವೆನ್ಷನಲ್" ಎಂದಿದ್ದರೆ ಮಾತ್ರ ಚಿಕಿತ್ಸೆಯ ಟ್ರಯಲ್. ಆಮೇಲೆ ಕೆಳಗೆ "ರಿಕ್ರೂಟ್‌ಮೆಂಟ್ ಸ್ಟೇಟಸ್" ಎಂದು ಎರಡು ಕಡೆ ಬರುತ್ತದೆ: ಒಂದು ಜಗತ್ತಿನದು, ಒಂದು ಭಾರತದ್ದು. ಭಾರತದ ಮುಂದೆ "ಓಪನ್" ಎಂದಿದೆಯೇ ನೋಡಿ. ಅದೇ ಪುಟದಲ್ಲಿ ಯಾವ ಊರಿನ ಯಾವ ಆಸ್ಪತ್ರೆ, ಯಾವ ವೈದ್ಯರು, ರೋಗಿಗಳ ಹಿತ ಕಾಯುವ ಅಲ್ಲಿನ ಎಥಿಕ್ಸ್ ಕಮಿಟಿ ಒಪ್ಪಿಗೆ ಕೊಟ್ಟಿದೆಯೇ ಎಲ್ಲ ಇರುತ್ತದೆ. ಇಷ್ಟಾದ ಮೇಲೂ ಫೋನ್ ಮಾಡಿಯೇ ಖಾತ್ರಿ ಮಾಡಿಕೊಳ್ಳಬೇಕು. ಸೀಟು ಭರ್ತಿಯಾಗಿ ತಿಂಗಳಾದರೂ ಪುಟದಲ್ಲಿ "ಓಪನ್" ಎಂದೇ ಉಳಿದಿರುತ್ತದೆ.

ಅಮೆರಿಕದ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗೌ ತಾಣವನ್ನೂ ಬಿಡಬೇಡಿ. ಅಲ್ಲಿ ದೇಶ ಇಂಡಿಯಾ ಎಂದು ಆರಿಸಿದರೆ ನಮ್ಮ ಕೇಂದ್ರಗಳು ಬರುತ್ತವೆ. ಎಎಂಎಲ್‌ಗೆ ನಮ್ಮ ಕಡೆಯವರು ಸಾಮಾನ್ಯವಾಗಿ ವಿಚಾರಿಸುವುದು ಬೆಂಗಳೂರಿನ ಕಿದ್ವಾಯಿ, ಮುಂಬೈ ಪರೇಲಿನ ಟಾಟಾ, ಅದರದೇ ಖಾರ್ಘರ್‌ನ ಆಕ್ಟ್ರೆಕ್, ವೆಲ್ಲೂರಿನ ಸಿಎಂಸಿ. ಬನಹಟ್ಟಿಯಿಂದ ನಿಮಗೆ ಮುಂಬೈ ಸಲೀಸು.

ಕೊನೆಯದಾಗಿ, ಹುಡುಕುತ್ತ ಕೂತು ಅಪ್ಪನ ಚಿಕಿತ್ಸೆ ನಿಲ್ಲಿಸಬೇಡಿ. ಇದು ತಿಂಗಳುಗಟ್ಟಲೆ ಕಾಯುವ ಕಾಯಿಲೆಯಲ್ಲ. ಬಿಳಿ ಕಣ ಏರುತ್ತಿದ್ದರೆ ಹೈಡ್ರಾಕ್ಸಿಯೂರಿಯಾ ಗುಳಿಗೆ ಕೊಟ್ಟು ತಡೆದು ಹಿಡಿಯುತ್ತಾರೆ. ಎಷ್ಟೋ ಟ್ರಯಲ್‌ಗಳು ಅದಕ್ಕೆ ಅಡ್ಡಿ ಮಾಡುವುದಿಲ್ಲ. ಡಾಕ್ಟರಿಗೆ ಕೇಳಿ. ರಕ್ತ, ಪ್ಲೇಟ್ಲೆಟ್ ಏರಿಸುವುದಂತೂ ನಿಲ್ಲಲೇಬಾರದು.

ಇಂಡಿ ಲಿಂಬಿ
ಮಂಗಳವಾರ, ಮಧ್ಯಾಹ್ನ 1:05

ಎಲ್ಲಾರೂ ಭಾಳ ಸಜ್ಜನರಂಗ ಬರದೀರಿ, ನಾ ಒಂದಿಷ್ಟು ಖಾರ ಹಾಕತೀನಿ.

ನಮ್ಮ ಸೋದರಮಾವ. ಎಎಂಎಲ್ ಅಲ್ಲ, ಬ್ಯಾರೆ ಕ್ಯಾನ್ಸರ್. ದೊಡ್ಡ ಊರಿನ ಒಂದು ದವಾಖಾನ್ಯಾಗ "ಹೊಸಾ ಔಷಧ ಬಂದೈತಿ, ಪುಕ್ಕಟೆ" ಅಂತ ಹೇಳಿ ಹದಿನೆಂಟು ಪುಟದ ಇಂಗ್ಲಿಷ್ ಕಾಗದಕ್ಕ ಹೆಬ್ಬಟ್ಟು ಒತ್ತಿಸಿಕೊಂಡ್ರು. ಮಾವಾಗ ಕನ್ನಡಾನ ಓದಾಕ ಬರತಿರಲಿಲ್ಲ. ಅದು ಟ್ರಯಲ್ ಅಂತ ನಮಗ ತಿಳದದ್ದು ಮೂರನೇ ಸಲ ಹೋದಾಗ, ಅದೂ ಪಕ್ಕದ ಹಾಸಿಗಿಯವರಿಂದ. ಕಾಗದದ ಪ್ರತಿ ಕೊಡ್ರಿ ಅಂದ್ರ "ಫೈಲ್‌ನ್ಯಾಗ ಐತಿ" ಅಂದ್ರು. ಮಾವ ತೀರಿಕೊಂಡದ್ದು ಔಷಧದಿಂದೋ ರೋಗದಿಂದೋ ನಮಗ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಲಿಲ್ಲ ಅನ್ನೂದ ದೊಡ್ಡ ಸಂಕಟ.

ಅದಕ್ಕ ಬನಹಟ್ಟಿ ಅಕ್ಕಾರ, ನಿಮ್ಮ ಕಾಕಾ ಒದರತಾರ ಅಂದ್ರ ಸುಮ್ಮ ಒದರಂಗಿಲ್ಲ. ಬಡವರ ಮ್ಯಾಲ ಪ್ರಯೋಗ ನಡದದ್ದು ಸುಳ್ಳಲ್ಲ, ಸುಪ್ರೀಂ ಕೋರ್ಟ್ ತನಕ ಹೋಗಿತ್ತು.

ಟಿಳಕವಾಡಿ ಕೋಆರ್ಡಿನೇಟರ್
ಮಂಗಳವಾರ, ಮಧ್ಯಾಹ್ನ 2:30

ನಿಮ್ಮ ಮಾವನವರಿಗೆ ಆದದ್ದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಕೋರ್ಟಿಗೆ ಹೋದದ್ದೂ ನಿಜ. ಅದರ ಬಿಸಿಗೇ 2013ರಲ್ಲಿ ನಿಯಮ ಬಿಗಿಯಾದದ್ದು. ಈಗ ಜಾರಿಯಲ್ಲಿರುವುದು 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು. ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ಮಾಹಿತಿ ಪತ್ರ ಕೊಡಬೇಕು. ಓದು ಬರದವರಾದರೆ ಆಸ್ಪತ್ರೆಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಪೂರ್ತಿ ಮಾತುಕತೆಯಲ್ಲಿ ಕೂತಿರಬೇಕು. ಸಹಿಯಾದ ಪತ್ರದ ಪ್ರತಿ ರೋಗಿಗೆ ಕೊಡಲೇಬೇಕು, "ಫೈಲ್‌ನಲ್ಲಿದೆ" ಎನ್ನುವ ಹಾಗಿಲ್ಲ. ಪೂರ್ತಿ ಹೊಸ ಔಷಧಿಯಾಗಿದ್ದು, ರೋಗಿ ದುರ್ಬಲ ಸ್ಥಿತಿಯವರಾಗಿದ್ದರೆ ಒಪ್ಪಿಗೆ ಪಡೆಯುವುದನ್ನು ವಿಡಿಯೋ ಮಾಡಬೇಕು. ಗಂಭೀರ ತೊಂದರೆ ಏನಾದರೂ ಆದರೆ ವೈದ್ಯರು 24 ಗಂಟೆಯೊಳಗೆ ಮೇಲಿನವರಿಗೆ ವರದಿ ಮಾಡಬೇಕು.

ನಿಯಮ ಇದ್ದ ಮಾತ್ರಕ್ಕೆ ಎಲ್ಲರೂ ಪಾಲಿಸುತ್ತಾರೆ ಎಂದು ನಾನು ಹೇಳಲಾರೆ. ಕನ್ನಡ ಪ್ರತಿ ಕೈಗೆ ಬರುವವರೆಗೆ ಸಹಿ ಮಾಡಬೇಡಿ, ಅಷ್ಟೇ. ಅದನ್ನು ಮನೆಗೆ ಒಯ್ದು ಓದಿ ಬರುತ್ತೇವೆ ಎಂದರೆ ಬೇಡ ಎನ್ನುವ ಹಕ್ಕು ಯಾರಿಗೂ ಇಲ್ಲ.

ನಿವೃತ್ತ ಸಿಸ್ಟರ್, ಬೈಲಹೊಂಗಲ
ಮಂಗಳವಾರ, ಸಂಜೆ 5:20

ನಾ ಮೂವತ್ತೆರಡು ವರ್ಷ ಎಎನ್‌ಎಂ ಆಗಿ ಹಳ್ಳಿ ತಿರಗಿದಾಕಿ. ಕಾಕಾರಿಗೆ ಒಂದು ಸಂಗತಿ ಹೇಳ್ರಿ.

ಹೆರಿಗಿ ಆದಮ್ಯಾಲ ರಕ್ತ ನಿಲ್ಲದ ಬಾಣಂತಿ ಹೋಗಿಬಿಡೂದು ನಮ್ಮ ಕಾಲದಾಗ ಊರೂರ ಕಥಿ. ಸೂಜಿ ಇತ್ತು, ಆದ್ರ ಅದನ್ನ ತಂಪಿನ್ಯಾಗ ಇಡಬೇಕು. ಹಳ್ಳ್ಯಾಗ ಕರೆಂಟ್ ಎಲ್ಲಿ? ಆಗ ಬೆಳಗಾವಿ ಮೆಡಿಕಲ್ ಕಾಲೇಜಿನವರು, ಜೆಎನ್‌ಎಂಸಿ, ನಮ್ಮ ಜಿಲ್ಲೆ ಹಳ್ಳಿಯೊಳಗ ಮಿಸೊಪ್ರೊಸ್ಟಾಲ್ ಗುಳಿಗಿ ಟ್ರಯಲ್ ಮಾಡಿದ್ರು. 1620 ಬಾಣಂತ್ಯಾರು. ಅರ್ಧ ಮಂದಿಗೆ ಗುಳಿಗಿ, ಅರ್ಧ ಮಂದಿಗೆ ನೋಡಾಕ ಹಂಗ ಇರೂ ಖಾಲಿ ಗುಳಿಗಿ. ಕೊಟ್ಟವರು ನಮ್ಮಂಥ ಸಿಸ್ಟರ್‌ಗಳು. ನಾ ಅದರಾಗ ಇರಲಿಲ್ಲ, ನನ್ನ ಜೊತೆಗಾತಿ ಇದ್ಲು. ರಕ್ತಸ್ರಾವ ನೂರಕ್ಕ 12 ಇದ್ದದ್ದು 6.4ಕ್ಕ ಬಂತು. 2006ರಾಗ ಲ್ಯಾನ್ಸೆಟ್‌ನ್ಯಾಗ ಬಂತು, 2011ರಾಗ ಡಬ್ಲ್ಯುಎಚ್‌ಒ ಆ ಗುಳಿಗೀನ ಇದ ಕೆಲಸಕ್ಕ ಅಗತ್ಯ ಔಷಧಿ ಪಟ್ಟಿಗೆ ಸೇರಿಸ್ತು.

ಖಾಲಿ ಗುಳಿಗಿ ತಗೊಂಡ ಬಾಣಂತ್ಯಾರೂ ನಮ್ಮ ಹೆಣ್ಣಮಕ್ಕಳ. ಅದನ್ನ ಯೋಚಿಸಿದಾಗ ನನಗೂ ಹೊಟ್ಟ್ಯಾಗ ಒಂಥರಾ ಆಗತೈತಿ. ಆದ್ರ ಅವರಿಲ್ಲದಿದ್ರ ಗುಳಿಗಿ ಕೆಲಸಾ ಮಾಡತೈತಿ ಅಂತ ಯಾರಿಗೂ ಗೊತ್ತಾಗತಿರಲಿಲ್ಲ.

ಗುಳೇದಗುಡ್ಡ ಖಣ
ಮಂಗಳವಾರ, ಸಂಜೆ 7:00

ನನ್ನ ತಮ್ಮಗೂ ಎಎಂಎಲ್ ಅಂದಿದ್ರು, ಮೂರ ವರ್ಷ ಆತು, ಪೂರ್ತಿ ಆರಾಮ ಆಗ್ಯಾನ. ಗುಳಿಗಿ ಮತ್ತ ಪಾಷಾಣದ ಸಲಾಯಿನ್ ಕೊಟ್ರು. ಹೌದು, ಪಾಷಾಣ, ಆರ್ಸೆನಿಕ್! ನಿಮ್ಮ ಅಪ್ಪಾರಿಗೂ ಅದನ್ನ ಕೇಳ್ರಿ.

ಟಿಳಕವಾಡಿ ಕೋಆರ್ಡಿನೇಟರ್
ಮಂಗಳವಾರ, ರಾತ್ರಿ 8:10

ನಿಮ್ಮ ತಮ್ಮನಿಗೆ ಬಂದದ್ದು ಎಪಿಎಲ್, ಹಳೆಯ ಹೆಸರು ಎಂ3. ಎಎಂಎಲ್‌ನ ಒಂದು ಬಗೆಯೇ ಆದರೂ ಚಿಕಿತ್ಸೆ ಪೂರ್ತಿ ಬೇರೆ. ಆರ್ಸೆನಿಕ್ ಕೆಲಸ ಮಾಡುವುದು ಅದಕ್ಕೆ ಮಾತ್ರ, ಬನಹಟ್ಟಿಯವರಿಗೆ ಅದು ನಡೆಯುವುದಿಲ್ಲ. ಅಂದಹಾಗೆ ಅದೂ ಟ್ರಯಲ್‌ನಿಂದಲೇ ಬಂದ ಮದ್ದು. ಚೀನಾದ ವೈದ್ಯರು ಮೊದಲು ತೋರಿಸಿದರು. 2013ರಲ್ಲಿ ಇಟಲಿ ಮತ್ತು ಜರ್ಮನಿಯ ಟ್ರಯಲ್ ಒಂದು, ಅಪಾಯ ಕಡಿಮೆಯಿರುವ ಎಪಿಎಲ್ ರೋಗಿಗಳಿಗೆ ಕಿಮೋ ಇಲ್ಲದೆ ಎಟಿಆರ್‌ಎ ಗುಳಿಗೆ ಮತ್ತು ಆರ್ಸೆನಿಕ್ ಸಾಕು ಎಂದು ಸಾಬೀತು ಮಾಡಿತು. ನಿಮ್ಮ ತಮ್ಮನ ತಲೆಗೂದಲು ಉಳಿದಿದ್ದರೆ ಅದರ ಪುಣ್ಯ.

ಬಸವ ಎಕ್ಸ್‌ಪ್ರೆಸ್
ಮಂಗಳವಾರ, ರಾತ್ರಿ 9:25

ಐಐಟಿ ಬಾಂಬೆಯವರು ಕಾರ್-ಟಿ ಅಂತ, ರೋಗಿ ರಕ್ತದ ಕಣಾನ ತಿದ್ದಿ ಕ್ಯಾನ್ಸರ್ ಮ್ಯಾಲ ಬಿಡೂ ಚಿಕಿತ್ಸಾ ಮಾಡ್ಯಾರಲ್ಲ, ಒಂದ ಸಲಕ್ಕ ಕ್ಯಾನ್ಸರ್ ಖಲಾಸ್ ಅಂತ ವಾಟ್ಸಾಪ್‌ನ್ಯಾಗ ಬಂದಿತ್ತು. ಅದು ಆಗಂಗಿಲ್ಲೇನು?

ಗೋಕಾಕ ಕರದಂಟು
ಮಂಗಳವಾರ, ರಾತ್ರಿ 9:40

ನಾನೂ ಅದನ್ನ ಕೇಳಿ ಡಾಕ್ಟರ್ ಕಡೆ ಬೈಸಿಕೊಂಡೀನಿ. 2023ರಾಗ ಒಪ್ಪಿಗಿ ಸಿಕ್ಕದ್ದು ಬಿ-ಸೆಲ್ ಅನ್ನೂ ಬ್ಯಾರೆ ಜಾತಿ ರಕ್ತದ ಕ್ಯಾನ್ಸರ್‌ಗೆ. ಎಎಂಎಲ್‌ಗೆ ಅಲ್ಲ. "ಖಲಾಸ್" ಅನ್ನೂ ಶಬ್ದ ಕ್ಯಾನ್ಸರ್ ಡಾಕ್ಟರ್ ಯಾರೂ ಬಳಸಂಗಿಲ್ಲ, ಬಳಸಿದವರ ಕಡೆ ಹೋಗಬ್ಯಾಡ್ರಿ.

ನಿರ್ವಾಹಕ
ಮಂಗಳವಾರ, ರಾತ್ರಿ 10:00

ನಲವತ್ತು ಸಾವಿರಕ್ಕೆ "ಎಎಂಎಲ್ ಪುಡಿ" ಮಾರುವವರ ಎರಡು ಬರಹ ತೆಗೆದಿದ್ದೇನೆ. ಮೂರನೆಯದನ್ನು ಹಾಕಿದರೆ ಖಾತೆಯನ್ನೂ ತೆಗೆಯುತ್ತೇನೆ.

ಬನಹಟ್ಟಿ ಮಗಳು
ಶನಿವಾರ, ರಾತ್ರಿ 10:30

ಎಲ್ಲಾರದೂ ಓದಿದೆ, ಅಪ್ಪಾಗೂ ಓದಿ ಹೇಳಿದೆ. ಸಿಸ್ಟರ್ ಬರದದ್ದನ್ನ ಎರಡು ಸಲ ಓದಿಸಿಕೊಂಡ್ರು.

ಹಳೇ ಫೈಲ್ ತಗದು ನೋಡಿದ್ರ ಮೊದಲ ಸಲ ಜೀನ್ ತಪಾಸಣಿ ಮಾಡೇ ಇಲ್ಲ. ಕ್ರೋಮೋಸೋಮ್ ರಿಪೋರ್ಟ್ ಮಾತ್ರ ಐತಿ. ಯಾಕ ಮಾಡಿಲ್ಲ ಅಂದ್ರ "ರೊಕ್ಕ ಜಾಸ್ತಿ ಆಗತೈತಿ ಅಂತ ಬಿಟ್ವಿ" ಅಂದ್ರು. ನಮ್ಮನ್ನ ಒಂದು ಮಾತು ಕೇಳಿದ್ರ ಒಂದು ಮಗ್ಗ ಮಾರಿ ಮಾಡಸತಿದ್ವಿ. ಸಿಟ್ಟು ಬಂತು, ನುಂಗಿಕೊಂಡೆ. ಹೊಸಾ ಮಜ್ಜಿ ಸ್ಯಾಂಪಲ್ ತಗಸಿ ಕಳಿಸಿದ್ವಿ. ಇವತ್ತ ಬಂತು: ಎಫ್‌ಎಲ್‌ಟಿ3-ಐಟಿಡಿ ಪಾಸಿಟಿವ್, ಅಂದ್ರ ಎಫ್‌ಎಲ್‌ಟಿ3 ಜೀನ್‌ನ್ಯಾಗ ದೋಷ ಐತಿ.

ಸಿಟಿಆರ್‌ಐದಾಗ ಎರಡೂ ಸ್ಪೆಲ್ಲಿಂಗ್ ಹಾಕಿ ಹುಡುಕಿದೆ. ನಮಗ ಹೊಂದಬಹುದು ಅನಿಸಿದವು ಮೂರು ಸಿಕ್ಕಾವು. ಒಂದು ಹೊಸದಾಗಿ ರೋಗ ಬಂದವರಿಗೆ ಮಾತ್ರ. ಅಂದ್ರ ಹೋದ ದೀಪಾವಳಿಗೆ ಕೇಳಿದ್ರ ಅದಕ್ಕ ಸೇರಬಹುದಾಗಿತ್ತು. ಒಂದು ಪುಟದಾಗ ಓಪನ್ ಅಂತೈತಿ, ಫೋನ್ ಹಚ್ಚಿದ್ರ ಬಂದ್ ಆಗೈತಿ. ಮೂರನೇದು ಮುಂಬೈದಾಗ ನಡದೈತಿ. ಕೋಆರ್ಡಿನೇಟರ್ ಮರಾಠಿ-ಹಿಂದಿ ಮಾತಾಡಿದ್ರು, ರಿಪೋರ್ಟ್ ಕಳಿಸ್ರಿ ಅಂದ್ರು. ಕಳಿಸೀನಿ. ಕೆಂಪ ಔಷಧ ಒಟ್ಟ ಎಷ್ಟು ಡೋಸ್ ಹೋಗೈತಿ ಅಂತ ಲೆಕ್ಕಾ ಕೇಳ್ಯಾರ, ಹೃದಯದ ಎಕೋ ಕೇಳ್ಯಾರ. ಅವರು ಇಷ್ಟು ಕೇಳಿದ್ದು ನೋಡಿನ ನನಗ ಒಂಚೂರು ಧೈರ್ಯ ಬಂತು.

ಈಗ ಹೆದರಿಕಿ ಬ್ಯಾರೆ. ರೊಕ್ಕ ಯಾವುದಕ್ಕ ಕೊಡಬೇಕು, ಯಾವುದಕ್ಕ ಬ್ಯಾಡ? ಗೋಕಾಕ ಅಣ್ಣಾರ, ಅಲ್ಲಿ ಹೋದಮ್ಯಾಲ ಏನೇನು ಆಗತೈತಿ ಅದನ್ನ ಹೇಳ್ರಿ.

ಗೋಕಾಕ ಕರದಂಟು
ಭಾನುವಾರ, ಬೆಳಿಗ್ಗೆ 7:10

ಹೇಳತೀನಿ ತಂಗಿ, ಚಾ ಕುಡಕೋತ ಓದು.

ಒಂದು ಖೋಲ್ಯಾಗ ಕುಂಡ್ರಿಸಿ ಕಾಗದ ಓದಿ ಹೇಳತಾರ. ನಮ್ಮದು ಇಪ್ಪತ್ತೊಂದು ಪುಟ ಇತ್ತು. ಕನ್ನಡದಾಗ ಇತ್ತು, ಆದ್ರ ಎಂಥಾ ಕನ್ನಡ! "ಸಹಭಾಗಿಯು ಯಾದೃಚ್ಛಿಕಗೊಳಿಸಲ್ಪಡುವನು" ಅಂತ ಒಂದು ಸಾಲು. ನಮ್ಮಾಕಿ, "ಇದೇನು ಶಾಪಾ ಹಾಕತಾರೇನು?" ಅಂದ್ಲು. ಚೀಟಿ ಎತ್ತಿದಂಗ, ಯಾರಿಗೆ ಯಾವ ಔಷಧ ಅನ್ನೂದನ್ನ ಕಂಪ್ಯೂಟರ್ ಆರಸತೈತಿ ಅಂತ ಅದರ ಅರ್ಥ.

ಕಡೇ ಪುಟದಾಗ ಓದು, ಉದ್ಯೋಗ, ವರ್ಷದ ಆದಾಯ, ಆಮ್ಯಾಲ ನಾಮಿನಿ ಹೆಸರು, ಸಂಬಂಧ. ಅಲ್ಲಿ ತನಕ ಧೈರ್ಯದಿಂದ ಇದ್ದಾಕಿ ಪೆನ್ ಕೆಳಗ ಇಟ್ಟಳು. "ನಾ ಸಾಯತೀನಿ ಅಂತ ಇವರಿಗೆ ಮೊದಲ ಗೊತ್ತೈತೇನು? ಎಲ್‌ಐಸಿಯವರಂಗ ನಾಮಿನಿ ಯಾಕ?" ನನಗೂ ನಾಲಿಗಿ ಒಣಗಿತು. ಡಾಕ್ಟರ್ ಹೆಣ್ಣಮಗಳು ಕುರ್ಚಿ ಸರಿಸಿಕೊಂಡು ಬಾಜೂಕ ಕುಂತು ಹೇಳಿದ್ರು: ಔಷಧದಿಂದ ಜೀವಕ್ಕ ಏನರ ಆದ್ರ ಪರಿಹಾರ ಕೊಡಬೇಕಂತ ಕಾನೂನು ಐತಿ, ಅದು ಯಾರ ಕೈಗೆ ಹೋಗಬೇಕು ಅಂತ ಬರಸೂದು, ಎಲ್ಲಾರ ಕಡೆನೂ ಬರಸತೀವಿ ಅಂತ. ಅಪ್ಪಾರಿಗೆ ಇದನ್ನ ಮನ್ಯಾಗ ಮೊದಲ ಹೇಳಿ ಕರಕೊಂಡು ಹೋಗು. ಅಲ್ಲಿ ಹೋಗಿ ಒಮ್ಮೆಲೇ ನೋಡಿದ್ರ ಎದಿ ಧಸಕ್ ಅಂತೈತಿ.

ಆಮ್ಯಾಲ ಒಂದು ಸಣ್ಣ ಕಾರ್ಡ್ ಕೊಡತಾರ. ಟ್ರಯಲ್ ಹೆಸರು, ದಿನದ ಇಪ್ಪತ್ನಾಲ್ಕು ತಾಸು ಎತ್ತೂ ಫೋನ್ ನಂಬರ್. ಅದನ್ನ ಲ್ಯಾಮಿನೇಶನ್ ಮಾಡಿಸಿ ಇಟ್ಟುಕೋ. ಗುಳಿಗಿ ಶುರುವಾಗಿ ಇಪ್ಪತ್ತು ದಿನಕ್ಕ, ಊರಿಗೆ ಬಂದಾಗ, ನಮ್ಮಾಕಿಗೆ ಜ್ವರ, ದಮ್ಮು, ಕಾಲಿಗೆ ಬಾವು. ಇಲ್ಲಿ ಡಾಕ್ಟರ್ ನಮೋನಿಯಾ ಅಂತ ಹೇಳಿ ಆ್ಯಂಟಿಬಯಾಟಿಕ್ ಹಚ್ಚಾಕ ಹೊಂಟಿದ್ರು. ತಪ್ಪಲ್ಲ ಅವರದು, ಆ ಗುಳಿಗಿ ಹೆಸರ ಅವರು ಕೇಳಿರಲಿಲ್ಲ. ಕಾರ್ಡ್ ತೋರಿಸಿದೆ, ರಾತ್ರಿ ಒಂದೂವರಿಗೆ ಫೋನ್ ಹಚ್ಚಿಕೊಟ್ಟೆ, ಇಬ್ಬರೂ ಡಾಕ್ಟರ್ ಮಾತಾಡಿಕೊಂಡ್ರು. ಡಿಫರೆನ್ಸಿಯೇಶನ್ ಸಿಂಡ್ರೋಮ್ ಅಂತ, ಈ ಜಾತಿ ಗುಳಿಗಿಯಿಂದ ಆಗೂದ ಅಂತ. ಆ್ಯಂಟಿಬಯಾಟಿಕ್ ಜೋಡಿ ಸ್ಟಿರಾಯ್ಡ್ ಸೂಜಿ ಹಾಕಿದ್ರು. ಬೆಳಗಾಗೂದ್ರಾಗ ಎದ್ದು ಕುಂತು ಚಾ ಕೇಳಿದ್ಲು. ಆ ಕಾರ್ಡ್ ಈಗೂ ನಮ್ಮ ದೇವರ ಜಗಲಿ ಮ್ಯಾಲ ಐತಿ, ಬಸವಣ್ಣನ ಫೋಟೋ ಬಾಜೂಕ.

ಹನ್ನೊಂದು ತಿಂಗಳು ಗುಳಿಗಿ ನಡೀತು. ಬ್ಲಾಸ್ಟ್ ಇಳದ ಹೊತ್ತಿನ್ಯಾಗ ಆಕಿ ತಮ್ಮನ ಮಜ್ಜಿ ಹೊಂದಿತು, ಟ್ರಾನ್ಸ್‌ಪ್ಲಾಂಟ್ ಮಾಡಿದ್ರು. ಗುಳಿಗಿ ಒಂದರಿಂದನ ಆತು ಅಂತ ತಿಳಕೋಬ್ಯಾಡ.

ಟಿಳಕವಾಡಿ ಕೋಆರ್ಡಿನೇಟರ್
ಭಾನುವಾರ, ಬೆಳಿಗ್ಗೆ 11:00

ದುಡ್ಡಿನ ಮಾತು. ಪರೀಕ್ಷೆಗೆ ಒಳಗಾಗಿರುವ ಔಷಧಿ, ಅದರ ಸಲುವಾಗಿಯೇ ಮಾಡಿಸುವ ತಪಾಸಣೆಗಳು ಕಂಪನಿಯ ಟ್ರಯಲ್‌ನಲ್ಲಿ ಉಚಿತವಾಗಿರುತ್ತವೆ. ಪ್ಲೇಟ್ಲೆಟ್, ರಕ್ತ, ಸೋಂಕಾದರೆ ಅಡ್ಮಿಟ್ ಖರ್ಚು, ಇವು ಯಾರ ತಲೆಗೆ ಎಂದು ಮೊದಲೇ ಕೇಳಿ; ಒಂದೊಂದು ಟ್ರಯಲ್‌ಗೆ ಒಂದೊಂದು ಥರ. ಓಡಾಟದ ಖರ್ಚನ್ನು ಕೆಲವರು ಕೊಡುತ್ತಾರೆ, ಬಸ್ಸು ರೈಲಿನ ಟಿಕೆಟ್ ಹರಿಯಬೇಡಿ. ಸೇರಿಸಿಕೊಳ್ಳುವುದಕ್ಕೇ ಹಣ ಕೇಳಿದರೆ ಎದ್ದು ಬನ್ನಿ. ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ ಉಚಿತವಾಗಿ ಕೊಡಬೇಕು, ಶಾಶ್ವತ ಹಾನಿಗೆ ಅಥವಾ ಸಾವಿಗೆ ಪರಿಹಾರ ಬೇರೆ. ಈ ಚಿಕಿತ್ಸೆ, ಪರಿಹಾರದ ಮಾತು 2019ರ ನಿಯಮದಲ್ಲೇ ಇದೆ. ನಡುವೆ ಬಿಟ್ಟು ಬರುವ ಹಕ್ಕು ಕೊನೆಯ ದಿನದವರೆಗೂ ಅಪ್ಪನದೇ. ಬಿಟ್ಟರೆ ಮುಂದಿನ ಮಾಮೂಲು ಚಿಕಿತ್ಸೆಗೆ ಅಡ್ಡಿ ಮಾಡುವಂತಿಲ್ಲ.

ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ-ಟಯರ್ ಎಸಿ ಟಿಕೆಟ್ ಪೂರ್ತಿ ಮಾಫಿ, ಜೊತೆಗಿರುವ ಒಬ್ಬರಿಗೆ 75 ಪ್ರತಿಶತ ರಿಯಾಯಿತಿ. ರೈಲ್ವೆಯ ನಮೂನೆಯಲ್ಲೇ ಡಾಕ್ಟರ್ ಬರೆದ ಸರ್ಟಿಫಿಕೇಟ್ ಬೇಕು. ಮೀರಜ್‌ಗೆ ಬಸ್ಸಿನಲ್ಲಿ ಹೋಗಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹಿಡಿಯಿರಿ. ಉಳಿಯಲು ದಾದರ್‌ನಲ್ಲಿ ಗಾಡಗೆ ಮಹಾರಾಜ ಧರ್ಮಶಾಲೆ ಇದೆ. ಆಸ್ಪತ್ರೆಯ ಸಮಾಜ ಕಾರ್ಯಕರ್ತರಿಂದ ಚೀಟಿ ಬರೆಸಿಕೊಳ್ಳಿ.

ಇನ್ನೊಂದನ್ನು ಹೇಳಬೇಕೋ ಬೇಡವೋ ಎಂದು ಯೋಚಿಸಿದೆ, ಹೇಳಿಬಿಡುತ್ತೇನೆ. ಗಿಲ್ಟೆರಿಟಿನಿಬ್ ಎಂಬ ಗುಳಿಗೆ ಎಫ್‌ಎಲ್‌ಟಿ3 ಇದ್ದು ಮರುಕಳಿಸಿದವರಿಗೆ, ಮೊದಲ ಮದ್ದಿಗೆ ಜಗ್ಗದವರಿಗೆ ಕೊಡುವಂಥದ್ದು. 2019ರಲ್ಲಿ ಪ್ರಕಟವಾದ 371 ಜನರ ಟ್ರಯಲ್‌ನಲ್ಲಿ ಗೆದ್ದದ್ದು ಅದೇ. ಗೆದ್ದದ್ದು ಎಂದರೆ, ಗುಳಿಗೆಯವರಲ್ಲಿ ಅರ್ಧ ಜನ 9.3 ತಿಂಗಳಿಗಿಂತ ಹೆಚ್ಚು ಬದುಕಿದರು, ಕಿಮೋದವರಲ್ಲಿ ಅರ್ಧ ಜನ 5.6 ತಿಂಗಳಿಗಿಂತ ಹೆಚ್ಚು. ಈ ಕಾಯಿಲೆಯಲ್ಲಿ ಗೆಲುವಿನ ಅಳತೆ ಇಷ್ಟು. ಇದನ್ನು ಅಪ್ಪನಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು. ನನ್ನ ತಂದೆಯಾಗಿದ್ದರೆ ನಾನು ಹೇಳುತ್ತಿದ್ದೆ.

ಇಂಡಿ ಲಿಂಬಿ
ಭಾನುವಾರ, ಮಧ್ಯಾಹ್ನ 12:20

ಇಷ್ಟು ಬಿಚ್ಚಿ ನಮ್ಮ ಮಾವಾಗ ಯಾರರ ಹೇಳಿದ್ರ, ಅಂವಾ ತಾನ ಸಹಿ ಮಾಡತಿದ್ದನೋ ಏನೋ. ಅಕ್ಕಾರ, ಹೋಗಿ ಬರ್ರಿ. ಪ್ರತಿ ಇಸಕೊಳ್ಳೂದು ಮರೀಬ್ಯಾಡ್ರಿ.

ಬನಹಟ್ಟಿ ಮಗಳು
ಎರಡು ವಾರದ ನಂತರ, ಬುಧವಾರ, ರಾತ್ರಿ 9:15

ಮುಂಬೈದಾಗ ಅದೀವಿ.

ಹೊಂಡೂ ಮೊದಲ ಅಪ್ಪಾಗ 9.3 ಲೆಕ್ಕಾನೂ ಹೇಳಿದೆ, ನಾಮಿನಿನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮ ಇದ್ದು, "ನಾಮಿನಿ ನಿಮ್ಮವ್ವನ ಹೆಸರ ಬರೀರಿ, ನಿನ್ನ ಹೆಸರ ಬ್ಯಾಡ, ನಿನಗ ಪಗಾರ ಐತಿ" ಅಂದ್ರು.

ಸ್ಕ್ರೀನಿಂಗ್‌ನ್ಯಾಗ ಒಂದು ದಿನ ಜೀವ ಹೋದಂಗ ಆಗಿತ್ತು. ಇಸಿಜಿಯೊಳಗ ಒಂದು ಅಂಕಿ ಜಾಸ್ತಿ ಬಂದು ಆಗಂಗಿಲ್ಲ ಅಂದ್ರು. ನೋಡಿದ್ರ ಪೊಟ್ಯಾಶಿಯಂ ಕಡಿಮಿ ಇತ್ತು. ಅದನ್ನ ಏರಿಸಿ ಮರುದಿನ ತಗದ್ರು, ಸರಿ ಬಂತು.

ಸಹಿ ಮಾಡೂ ಮೊದಲ ಕ್ಯಾಮೆರಾ ಇಟ್ರು. ಡಾಕ್ಟರ್ ಎಲ್ಲಾ ಹೇಳಿ, "ಈಗ ನೀವು ಏನು ತಿಳಕೊಂಡ್ರಿ ನಿಮ್ಮ ಮಾತಿನ್ಯಾಗ ಹೇಳ್ರಿ" ಅಂತ ಅಂದ್ರು, ನಾ ಕನ್ನಡಕ್ಕ ತಂದು ಹೇಳಿದೆ. ಹದಿನೈದು ದಿನದಿಂದ ನಾಲ್ಕು ಮಾತು ಆಡದ ಅಪ್ಪ ಕ್ಯಾಮೆರಾ ನೋಡಿಕೋತ ಶುರು ಮಾಡಿದ್ರು: "ಎರಡು ಮಗ್ಗ ಅದಾವ್ರಿ. ಒಂದಕ್ಕ ಈಗಿರೂ ನೂಲು ಹಾಕತೀರಿ. ಇನ್ನೊಂದಕ್ಕ ಅದ ನೂಲಿನ ಜೋಡಿ ಹೊಸಾ ಎಳಿ ಒಂದು ಸೇರಸತೀರಿ. ನಾ ಯಾವ ಮಗ್ಗಕ್ಕ ಅಂತ ನೀವೂ ಹೇಳಂಗಿಲ್ಲ, ನಾನೂ ಕೇಳಂಗಿಲ್ಲ, ಕಂಪ್ಯೂಟರ್ ಹೇಳತೈತಿ. ಸೀರಿ ಯಾವುದು ಗಟ್ಟಿ ಬರತೈತಿ ಅನ್ನೂದು ನಿಮಗೂ ಗೊತ್ತಿಲ್ಲ. ಗೊತ್ತಿದ್ರ ನನ್ನ ಇಲ್ಲಿ ತನಕ ಕರೀತಿರಲಿಲ್ಲ." ನಾ ಅದನ್ನ ಹಿಂದಿಗೆ ಹೇಳೂದ್ರಾಗ ನನ್ನ ದನಿ ಒಡೀತು. ಡಾಕ್ಟರ್ ಎರಡು ಸಲ ತಲಿ ಅಲ್ಲಾಡಿಸಿದ್ರು.

ನಿನ್ನೆ ಕಂಪ್ಯೂಟರ್ ಹೇಳಿತು. ಹಳೇ ನೂಲು. ಹೊಸಾ ಔಷಧ ಇಲ್ಲ, ಗಿಲ್ಟೆರಿಟಿನಿಬ್ ಒಂದ.

ಕಾಕಾಗ ಫೋನ್ ಹಚ್ಚಿ ಹೇಳಿದೆ. "ಮತ್ತ ಅಷ್ಟು ದೂರ ಹೋದದ್ದ್ಯಾಕ?" ಅಂದ್ರು. ಅಪ್ಪ ಫೋನ್ ಕಸಗೊಂಡು, "ಆ ಗುಳಿಗಿ ರೇಟ್ ಕೇಳು ಮೊದಲ, ನಾಲ್ಕೂ ಮಗ್ಗ ಮಾರಿದ್ರೂ ಎಷ್ಟು ತಿಂಗಳಿಗೆ ಆಗತೈತಿ ನೋಡು. ಇಲ್ಲಿ ಪುಕ್ಕಟೆ ಕೊಡತಾರ" ಅಂದ್ರು. ಇಂಡಿ ತಮ್ಮಾ, ಕನ್ನಡ ಪ್ರತಿ ಇಸಕೊಂಡೀನಿ, ನನ್ನ ಚೀಲದಾಗ ಐತಿ.

ಇವತ್ತ ಮೊದಲ ಗುಳಿಗಿ ನುಂಗಿದ್ರು. ಪ್ಲೇಟ್ಲೆಟ್ 9 ಸಾವಿರ ಐತಿ. ನಾಳೆ ಮಧ್ಯಾಹ್ನದೊಳಗ ಎ ಪಾಸಿಟಿವ್ ಸಿಂಗಲ್ ಡೋನರ್, ಅಂದ್ರ ಒಬ್ಬರಿಂದನ ತಗಿಯೂ ಪ್ಲೇಟ್ಲೆಟ್, ಬೇಕು ಅಂದಾರ. ಮುಂಬೈ, ಠಾಣೆ, ಪನವೇಲ ಕಡೆ ನಮ್ಮ ಊರ ಕಡೆಯವರು ಯಾರರ ಇದ್ರ ಮೆಸೇಜ್ ಹಾಕ್ರಿ.

ಗೋಕಾಕ ಕರದಂಟು
ಬುಧವಾರ, ರಾತ್ರಿ 9:22

ನನ್ನ ಅಳಿಯ ಪನವೇಲದಾಗ ಅದಾನ. ಅಂವಂದು ಬಿ, ಆದ್ರ ಅಂವನ ರೂಮಿನ ಹುಡುಗೂರ ಇಬ್ಬರು ಎ ಪಾಸಿಟಿವ್, ಇಬ್ಬರೂ ಹುಕ್ಕೇರಿಯವರು. ನಂಬರ್ ಒಳಗಿನ ಮೆಸೇಜ್‌ನ್ಯಾಗ ಕಳಿಸೀನಿ. ಅವರಿಗೆ ಮುಂಜಾನೆ ನಾಷ್ಟಾ ಮಾಡಿಸಿನ ಕಳಸು ಅಂತ ಅಳಿಯಾಗ ಹೇಳೀನಿ, ಖಾಲಿ ಹೊಟ್ಟ್ಯಾಗ ತಗೊಳ್ಳಂಗಿಲ್ಲ.